ಕುಕೀ ಮೆತ್ತಗಿರಬೇಕೇ? ಬೇಗ ಹೊರತೆಗೆಯಿರಿ

ಮಾನ್ಯರೇ,

ಓಟ್ಸ್–ಕೊಬ್ಬರಿ ಕುಕೀ ಮಾಡುವ ವಿಧಾನಗಳು ಸಾಮಾನ್ಯವಾಗಿ ‘ಹೊಂಬಣ್ಣ ಬರುವವರೆಗೆ ಬೇಯಿಸಿ’ ಎಂದು ಮುಗಿದುಬಿಡುತ್ತವೆ. ಹಾಗೆ ಮಾಡಿದರೆ ಸಿಗುವುದು ಗಟ್ಟಿ ಬಿಸ್ಕತ್ತು. 175 ಡಿಗ್ರಿ ಸೆಲ್ಸಿಯಸ್‌ನಲ್ಲಿ 10ರಿಂದ 12 ನಿಮಿಷ ಸಾಕು. ಅಂಚು ಕೆಂಪಾಗಿ, ನಡುಭಾಗ ಇನ್ನೂ ಬೆಂದಿಲ್ಲವೇನೋ ಎನಿಸುವಾಗಲೇ ಹೊರತೆಗೆಯಬೇಕು. ಬಿಸಿ ಟ್ರೇ ಮೇಲೆ 5 ನಿಮಿಷ ಬಿಟ್ಟರೆ ಉಳಿದದ್ದು ಅಲ್ಲೇ ಬೇಯುತ್ತದೆ. ಅವಸರಪಟ್ಟು ಎತ್ತಿದರೆ ಮುರಿಯುತ್ತದೆ.

ಅಳತೆ ಇಷ್ಟು: ಬೆಣ್ಣೆ 115 ಗ್ರಾಂ, ಬ್ರೌನ್ ಶುಗರ್ 150 ಗ್ರಾಂ, ಮೊಟ್ಟೆ 1, ಮೈದಾ 95 ಗ್ರಾಂ, ಓಟ್ಸ್ 120 ಗ್ರಾಂ, ಒಣ ಕೊಬ್ಬರಿ ತುರಿ 60 ಗ್ರಾಂ, ಅಡುಗೆ ಸೋಡಾ ಅರ್ಧ ಟೀ ಚಮಚ, ಉಪ್ಪು ಕಾಲು ಟೀ ಚಮಚ. (ಬಟ್ಟಲಿನಲ್ಲಿ ಅಳೆದರೆ ಮೈದಾ ಒತ್ತಿ ತುಂಬಿಕೊಂಡು ಕುಕೀ ಒಣಗುತ್ತದೆ, ತಕ್ಕಡಿಯೇ ವಾಸಿ.) ಮೆತ್ತಗಿನ ಬೆಣ್ಣೆ, ಸಕ್ಕರೆ ಚೆನ್ನಾಗಿ ಕಲಸಿ, ಮೊಟ್ಟೆ ಸೇರಿಸಿ, ಕೊನೆಗೆ ಉಳಿದದ್ದೆಲ್ಲ ಹಾಕಿ. ಮೈದಾ ಬಿದ್ದ ಮೇಲೆ ಹೆಚ್ಚು ಕಲಸಬೇಡಿ.

ಬ್ರೌನ್ ಶುಗರ್ ಬದಲು ಬರೀ ಬಿಳಿ ಸಕ್ಕರೆ ಹಾಕುವವರಿದ್ದಾರೆ. ತೇವ ಹಿಡಿದಿಡುವ ಕಾಕಂಬಿಯ ಅಂಶ ಅದರಲ್ಲಿಲ್ಲ, ಕುಕೀ ಗರಿಗರಿಯಾಗುತ್ತದೆ. ಹಸಿ ತೆಂಗಿನ ತುರಿಯೂ ಬೇಡ. ನೀರಿನಂಶದಿಂದ ಕೇಕಿನಂತಾಗಿ ಬೇಗ ಹಳಸುತ್ತದೆ. ಓಟ್ಸ್ ದಪ್ಪ ಅವಲಕ್ಕಿಯಂತೆ ಇಡಿಯಾಗಿರಲಿ. ಪುಡಿಪುಡಿಯಾದ ಇನ್‌ಸ್ಟಂಟ್ ಓಟ್ಸ್ ಹಿಟ್ಟಿನಲ್ಲೇ ಕರಗಿಹೋಗುತ್ತದೆ.

ಟ್ರೇಯಲ್ಲಿ ದೋಸೆಯಾಗಿ ಹರಡಿಕೊಂಡರೆ ಬೆಣ್ಣೆ ತೀರಾ ಕರಗಿತ್ತು ಎಂದರ್ಥ. ಮಿಶ್ರಣವನ್ನು ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು, ಉಂಡೆಗಳ ನಡುವೆ ಎರಡು ಅಂಗುಲ ಬಿಟ್ಟು ಬೇಯಿಸಿ.

– ಓದುಗರೊಬ್ಬರು