ಕಣ್ಣಿಗೆ ಕಾಣದ ಎಂಟು ಸ್ಪೇಸ್

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಹಳೇ ಒರಾಕಲ್ ಡೇಟಾಬೇಸಿನ ಟೇಬಲ್‌ಗಳನ್ನು ಪೋಸ್ಟ್‌ಗ್ರೆಸ್ ಅನ್ನುವ ಇನ್ನೊಂದು ಡೇಟಾಬೇಸಿಗೆ ಸಾಗಿಸುವ ಕೆಲಸ ನಿನಗೆ ಕೊಟ್ಟಿದ್ದಾರೆ ಅಂತ ನಿನ್ನಮ್ಮ ಹೇಳಿದಳು. ಖುಷಿಯಾಯಿತು, ಸ್ವಲ್ಪ ಭಯವೂ ಆಯಿತು. ಅಂಥ ಟೇಬಲ್‌ಗಳಲ್ಲಿ ಚಾರ್ ಕಾಲಂಗಳು, ಅಂದರೆ ಇಷ್ಟೇ ಅಕ್ಷರ ಅಂತ ಉದ್ದ ಮೊದಲೇ ನಿಗದಿಯಾದ ಕಾಲಂಗಳು, ಜಾಸ್ತಿ.

ನನಗಾದದ್ದು ಹೇಳುತ್ತೇನೆ ಕೇಳು. ಕೆಲಸಕ್ಕೆ ಸೇರಿದ ಹೊಸತು. ರಸೀದಿಯಲ್ಲಿ ಖಾತೆ ನಂಬರಿನ ಕೊನೇ ನಾಲ್ಕು ಅಂಕಿ ಮಾತ್ರ ಬರಬೇಕಿತ್ತು. ಒರಾಕಲ್‌ನಲ್ಲಿ ಸಬ್‌ಸ್ಟರ್ ಅನ್ನುವ ತುಂಡು ಕತ್ತರಿಸುವ ಫಂಕ್ಷನ್ ಬಳಸಿ, ಕೊನೆಯಿಂದ ನಾಲ್ಕು ಅನ್ನಲು ಮೈನಸ್ 4 ಕೊಟ್ಟೆ. ಏನೂ ಬರಲಿಲ್ಲ. ಡೇಟಾನೇ ಇಲ್ಲವೇನೋ ಅಂತ ಮಧ್ಯಾಹ್ನವಿಡೀ ತಡಕಾಡಿದೆ. ಕೊನೆಗೆ ಕಾಲಂನ ಎರಡೂ ಪಕ್ಕ ಕಂಸ ಅಂಟಿಸಿ ನೋಡಿದೆ:

[123456789012        ]

ಕಾಲಂ ಚಾರ್ 20. ಅಂಕಿ 12. ಉಳಿದ 8 ಜಾಗಕ್ಕೆ ಡೇಟಾಬೇಸ್ ತಾನೇ ಸ್ಪೇಸ್ ತುಂಬಿತ್ತು. ನಾನು ಕತ್ತರಿಸಿ ತಂದದ್ದು ಅದರಲ್ಲಿ ನಾಲ್ಕನ್ನು! ಲೆಂತ್ ಫಂಕ್ಷನ್‌ನಲ್ಲಿ ಉದ್ದ ಕೇಳಿದ್ದರೆ 20 ಅಂತ ಆಗಲೇ ಹೇಳಿರುತ್ತಿತ್ತು.

ಪೋಸ್ಟ್‌ಗ್ರೆಸ್‌ನಲ್ಲಿ ಈ ಕಂಸದ ಉಪಾಯ ನಡೆಯುವುದಿಲ್ಲ, ನೆನಪಿಡು. ಅಲ್ಲಿ ಚಾರ್ ಅನ್ನು ಬೇರೆ ಪದಕ್ಕೆ ಜೋಡಿಸಿದ ಕೂಡಲೇ ಬಾಲದ ಸ್ಪೇಸ್ ಉದುರಿಹೋಗುತ್ತದೆ. ಲೆಂತ್ ಕೂಡ 12 ಅನ್ನುತ್ತದೆ. ಆಕ್ಟೆಟ್ ಲೆಂತ್, ಅಂದರೆ ಬೈಟ್‌ಗಳ ಲೆಕ್ಕ, ಕೇಳಿದರೆ ಮಾತ್ರ 20. ಲೆಂತ್ ಎರಡೂ ಕಡೆ ಅದೇ ಹೆಸರಿನ ಫಂಕ್ಷನ್, ಉತ್ತರ ಬೇರೆ. ಹಾಗಾಗಿ ಎರಡೂ ಕಡೆ ಒಂದೇ ಸಾಲಿನ ಅಳತೆ ತೆಗೆದು ಪಕ್ಕಪಕ್ಕ ಇಟ್ಟು ನೋಡು.

ಹೋಲಿಕೆಯಲ್ಲೂ ಹುಷಾರು. ಒರಾಕಲ್‌ನಲ್ಲಿ ನಂಬರನ್ನು ಕೋಟ್ ಒಳಗೆ ನೇರ ಬರೆದರೆ ಸಾಲು ಸಿಗುತ್ತದೆ, ಯಾಕೆಂದರೆ ಚಿಕ್ಕದಕ್ಕೆ ಸ್ಪೇಸ್ ತುಂಬಿಯೇ ಹೋಲಿಸುತ್ತದೆ. ಅದನ್ನೇ ವಾರ್‌ಚಾರ್2 ಅನ್ನುವ, ಸ್ಪೇಸ್ ತುಂಬದ ಬಗೆಯ ವೇರಿಯಬಲ್‌ನಲ್ಲಿ ಕಳಿಸಿದರೆ ಇದ್ದದ್ದನ್ನು ಇದ್ದ ಹಾಗೇ ಹೋಲಿಸುತ್ತದೆ. ಸಾಲು ಸಿಗುವುದಿಲ್ಲ. ಆಗ ಎಲ್ಲರೂ ಮಾಡುವ ಹಾಗೆ ಸುಮ್ನೆ ಕಾಲಂ ಮೇಲೆ ಸ್ಪೇಸ್ ಕತ್ತರಿಸುವ ಟ್ರಿಮ್ ಹಾಕಬೇಡಮ್ಮ. ಆ ಕಾಲಂನ ಮೇಲೆ ಸಾಲು ಬೇಗ ಹುಡುಕಲು ಇರುವ ಮಾಮೂಲಿ ಇಂಡೆಕ್ಸ್ ಕೆಲಸಕ್ಕೆ ಬರದೆ ಹೋಗುತ್ತದೆ.

ಹೊಸ ಟೇಬಲ್‌ನಲ್ಲಿ ಉದ್ದ ನಿಗದಿಯಿಲ್ಲದ ಟೆಕ್ಸ್ಟ್ ಬಗೆಯ ಕಾಲಂ ಇಟ್ಟುಕೋ. ಪೋಸ್ಟ್‌ಗ್ರೆಸ್‌ನಲ್ಲಿ ಚಾರ್‌ನಿಂದ ವೇಗವೇನೂ ಸಿಗುವುದಿಲ್ಲ. ಆದರೆ ಒರಾಕಲ್‌ನಿಂದ ತೆಗೆಯುವಾಗಲೇ ಬಾಲದ ಸ್ಪೇಸ್ ಕತ್ತರಿಸುವ ಆರ್‌ಟ್ರಿಮ್ ಮಾಡು. ಟೆಕ್ಸ್ಟ್‌ಗೆ ಒಮ್ಮೆ ಸೇರಿದ ಸ್ಪೇಸ್ ತಾನಾಗಿ ಉದುರುವುದಿಲ್ಲ. ಅಕ್ಷರಗಳ ಸಾಲಿನಲ್ಲೇ ಕೂತುಬಿಡುತ್ತದೆ.

ಇನ್ನೊಂದು. ಬರೀ ಸ್ಪೇಸ್ ತುಂಬಿದ ಸಾಲುಗಳೂ ಇರುತ್ತವೆ. ಒರಾಕಲ್‌ನಲ್ಲಿ ಅವಕ್ಕೆ ಆರ್‌ಟ್ರಿಮ್ ಮಾಡಿದರೆ ಸಿಗುವುದು ನಲ್, ಅಂದರೆ ಬೆಲೆಯೇ ಇಲ್ಲದ ಖಾಲಿ. ಹೊಸ ಕಾಲಂಗೆ ಖಾಲಿ ಬಿಡಬಾರದು ಅನ್ನುವ ನಾಟ್ ನಲ್ ನಿಯಮ ಹಾಕಿದ್ದರೆ ಲೋಡ್ ಅಲ್ಲೇ ನಿಲ್ಲುತ್ತದೆ. ಅಂಥವು ಎಷ್ಟಿವೆ ಅಂತ ಮೊದಲೇ ಎಣಿಸಿ, ಏನು ಮಾಡೋಣ ಅಂತ ನಿಮ್ಮ ಟೀಮಿನವರನ್ನು ಕೇಳು.

ಭಾನುವಾರ ಫೋನ್ ಮಾಡ್ತೀಯಲ್ವಾ? ಚಾರ್ ಕಾಲಂಗಳ ಪಟ್ಟಿ ಎದುರಿಗೆ ಇಟ್ಟುಕೊಂಡಿರು. ಒಂದೊಂದಾಗಿ ನೋಡೋಣ.

ನಿನ್ನ
ದೊಡ್ಡಮ್ಮ