ಮೂರನೆಯ ತಾಟು

ಧಾರವಾಡ

ಪ್ರಿಯ ಗೆಳೆಯ,

ನಿನ್ನ 112 ಪುಟದ ಚಿತ್ರಕಥೆ ಓದಿ ಮುಗಿಸಿದೆ. ಮಾಳಮಡ್ಡಿಯ ಹಳೇ ಮನೆ, ಬೆಂಗಳೂರಿನಿಂದ ಬಂದಿಳಿದ ಮಗಳು, ಮೂರು ವರ್ಷದ ಹಿಂದೆ ಸತ್ತನೆಂದು ಊರೇ ನಂಬಿದ ಮಗ, ಅವನನ್ನು ಅಟ್ಟದ ಮೇಲೆ ಬಚ್ಚಿಟ್ಟುಕೊಂಡ ಅವ್ವ. ಕಥೆಗೆ ಕಸುವಿದೆ. ಆದರೆ ಮಗ ಬದುಕಿದ್ದಾನೆ ಅನ್ನುವುದಕ್ಕೆ 108ನೇ ಪುಟದ ತನಕ ಒಂದು ಗುರುತೂ ಇಲ್ಲ. ಅಟ್ಟದ ಬಾಗಿಲು ತೆಗೆದಾಗ ನೋಡುವವನಿಗೆ ಸಿಟ್ಟೇ ಬರುತ್ತದೆ.

ಇಂಥ ಸಿನಿಮಾಕ್ಕೆ ಜನ ದುಡ್ಡು ಕೊಟ್ಟು ಬರುವುದು ಮೋಸ ಹೋಗಲಿಕ್ಕೇ. ಆದರೆ ಮೋಸ ಹೋದದ್ದು ತಮ್ಮದೇ ಕಣ್ತಪ್ಪಿನಿಂದ ಅನ್ನಿಸಬೇಕು. 'ಅಯ್ಯ, ಕಣ್ಣ ಮುಂದs ಇತ್ತಲ್ಲೋ!' ಅಂದವನು ಗೆಳೆಯರನ್ನು ಕರಕೊಂಡು ಮತ್ತೊಮ್ಮೆ ಬರುತ್ತಾನೆ.

ಚಿತ್ರಕಥೆಯ ಒಂದು ಪುಟ ಪರದೆಯ ಮೇಲೆ ಹೆಚ್ಚುಕಡಿಮೆ ಒಂದು ನಿಮಿಷ. ನಿನ್ನ ಅಳತೆಗೆ ಮೂರು ಗುರುತು ಸಾಕು. ಮೊದಲನೆಯದು 15ನೇ ಪುಟದೊಳಗೆ ಬಂದುಬಿಡಲಿ. ಕೊನೆಯದಕ್ಕೂ ಗುಟ್ಟು ಒಡೆಯುವುದಕ್ಕೂ ನಡುವೆ ಇಪ್ಪತ್ತು ಪುಟವಾದರೂ ಇರಲಿ. ಅಷ್ಟು ಹೊತ್ತಿಗೆ ನೋಡುವವನು ಅದನ್ನು ಮರೆತಿರುತ್ತಾನೆ, ನೆನಪಿಸಿದರೆ ಥಟ್ಟನೆ ಹೊಳೆಯುತ್ತದೆ.

ಬಚ್ಚಿಡುವುದು ಹೇಗೆ? ಅವ್ವ ಕಿರಾಣಿ ಅಂಗಡಿಯಲ್ಲಿ ಸಾಮಾನು ಹೇಳಲಿ: 'ಒಂದ್ ಸೇರು ಚುರಮರಿ, ಪಾವ್ ಕಿಲೋ ಪುಟಾಣಿ, ಒಂದ್ ಬ್ಲೇಡಿನ ಪಾಕೀಟ, ಅರ್ಧಾ ಕಿಲೋ ಬೆಲ್ಲಾ.' ಹೆಂಗಸರಿಬ್ಬರೇ ಇರುವ ಮನೆಗೆ ಗಡ್ಡದ ಬ್ಲೇಡು! ಪಟ್ಟಿಯ ಮೊದಲಿನದೂ ಕೊನೆಯದೂ ಕಿವಿಯಲ್ಲಿ ಉಳಿಯುತ್ತವೆ, ನಡುವಿನದು ಜಾರುತ್ತದೆ. ಸಾಲದ್ದಕ್ಕೆ ಅಂಗಡಿಯವನು ಕೂಡಲೇ 'ಮಗನ ತಿಥಿ ಎಂದ ಬಂತ್ರೀ ಈ ವರ್ಷ?' ಅಂತ ಕೇಳಲಿ. ಎಲ್ಲರ ಕಣ್ಣು ಅವ್ವನ ಮುಖದ ಮೇಲೆ ಹೋಗುತ್ತದೆ, ಬ್ಲೇಡು ಚೀಲ ಸೇರುತ್ತದೆ. ಕ್ಯಾಮೆರಾ ಆ ಪಾಕೀಟಿನ ಹತ್ತಿರ ಹೋದರೆ ಆಟ ಅಲ್ಲಿಗೇ ಮುಗಿಯಿತು.

ಎರಡನೆಯ ಗುರುತು ಬೇರೆ ಜಾತಿಯದು. ಸಂಜೆ ಅವ್ವ ಗಿರ್ಮಿಟ್ ಕಲಸಿ ಮೂರು ತಾಟಿಗೆ ಹಾಕುತ್ತಾಳೆ. ಇದನ್ನು ಅಡಗಿಸಬೇಡ, ಎದುರಿಗೇ ಇಡು. ಸತ್ತ ಮಗನಿಗೂ ಒಂದು ಪಾಲು ಎತ್ತಿಡುತ್ತಾಳೆ ಪಾಪ, ದುಃಖಕ್ಕೆ ಮುದುಕಿಯ ತಲೆ ಕೆಟ್ಟಿದೆ ಅಂತ ಮಗಳೂ ನಂಬುತ್ತಾಳೆ, ನಾವೂ ನಂಬುತ್ತೇವೆ. ಸುಳ್ಳು ಅರ್ಥವೊಂದು ಕೈಗೆ ಸಿಕ್ಕರೆ ಜನ ನಿಜದ್ದನ್ನು ಹುಡುಕಲಿಕ್ಕೆ ಹೋಗುವುದಿಲ್ಲ. ಮೂರನೆಯ ತಾಟಿನಲ್ಲಿಟ್ಟ ಮಿರ್ಚಿ ಬೆಳಿಗ್ಗೆ ಇರುವುದಿಲ್ಲ ಅನ್ನುವುದನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳಬಾರದು. ಮೂರನೆಯ ಗುರುತು ನಿನಗೇ ಬಿಟ್ಟದ್ದು.

ದೊಡ್ಡ ಹಾಳೆಯ ಮೇಲೆ ಮೂರು ಕಾಲಮ್ಮು ಗೆರೆ ಹೊಡಿ: ದೃಶ್ಯ, ನೋಡುವವನು ತಿಳಿದದ್ದು, ನಿಜವಾಗಿ ನಡೆದದ್ದು. ಇಡೀ ಕಥೆಯನ್ನು ಅಟ್ಟದ ಮೇಲಿರುವ ಮಗನ ದಿನಚರಿಯಾಗಿ ಒಮ್ಮೆ ಬರೆ. ಅವನು ಯಾವಾಗ ಉಣ್ಣುತ್ತಾನೆ, ನೀರು ಹೇಗೆ ಮೇಲೆ ಹೋಗುತ್ತದೆ, ಕೆಮ್ಮು ಬಂದರೆ ಏನು ಮಾಡುತ್ತಾನೆ? ನಿನ್ನ 40ನೇ ಪುಟದಲ್ಲಿ ಮನೆಗೆ ಬೀಗ ಹಾಕಿ ಇಬ್ಬರೂ ಎಂಟು ದಿನ ಗದಗಿಗೆ ಹೋಗುತ್ತಾರೆ. ಅಷ್ಟು ದಿನ ಅವನು ಏನು ತಿಂದ? ಇಂಥ ತೂತುಗಳು ಈ ಹಾಳೆಯಲ್ಲೇ ಸಿಗುತ್ತವೆ.

ಕೊಲೆಗಾರ ಯಾರು ಅನ್ನುವ ಸಂಶಯಕ್ಕೆ ಐದು ಜನರನ್ನು ನಿಲ್ಲಿಸಿದ್ದೀಯ. ಇಬ್ಬರು ಸಾಕು. ಹಾಲಿನವನನ್ನು ತೆಗೆ.

ಬೇಕಾದರೆ ಇನ್ನೊಂದು ದಾರಿಯೂ ಇದೆ. ಮೇಜಿನ ಕೆಳಗಿನ ಬಾಂಬು ಏಕಾಏಕಿ ಸಿಡಿದರೆ ಹದಿನೈದು ಸೆಕೆಂಡಿನ ಬೆಚ್ಚು. ಅಲ್ಲಿ ಬಾಂಬಿದೆ ಅಂತ ಜನರಿಗೆ ಮೊದಲೇ ಗೊತ್ತಿದ್ದರೆ ಹದಿನೈದು ನಿಮಿಷದ ತಳಮಳ ಅಂತ ಸಿನಿಮಾ ನಿರ್ದೇಶಕ ಹಿಚ್‌ಕಾಕ್ ಲೆಕ್ಕ ಹೇಳುತ್ತಿದ್ದ. 1958ರ 'ವರ್ಟಿಗೊ'ದಲ್ಲಿ ಅವನು ಗುಟ್ಟನ್ನು ನಾಯಕನಿಗಿಂತ ಬಹಳ ಮೊದಲೇ ನಮಗೆ ಹೇಳಿಬಿಡುತ್ತಾನೆ. ನೀನೂ 75ನೇ ಪುಟದಲ್ಲಿ ಅಟ್ಟವನ್ನು ನಮಗೆ ತೋರಿಸಿ, ತಂಗಿಗೆ ಮಾತ್ರ ತೋರಿಸದೆ ಬರೆದು ನೋಡು. ಆಮೇಲೆ ಅವಳು ಏಣಿಯ ಹತ್ತಿರ ಕಸ ಗುಡಿಸಿದರೂ ಎದೆ ಹೊಡಕೊಳ್ಳುತ್ತದೆ.

96ನೇ ಪುಟದ ಡಾಕ್ಟರು 'ಇದು ಸ್ಕಿಜೋಫ್ರೇನಿಯಾ, ಇವನೊಳಗೆ ಇಬ್ಬರಿದ್ದಾರೆ' ಅನ್ನುತ್ತಾನೆ. ಇದು ಶುದ್ಧ ತಪ್ಪು. ಒಬ್ಬನೊಳಗೆ ಇಬ್ಬರು ಅನ್ನುವ ತೊಂದರೆಯೇ ಬೇರೆ, ಅದು ಅಪರೂಪ. ಸ್ಕಿಜೋಫ್ರೇನಿಯಾದಲ್ಲಿ ಹೆಚ್ಚಾಗಿ ಕಾಡುವುದು ಕಿವಿಗೆ ಕೇಳುವ ಧ್ವನಿಗಳು, ಪಕ್ಕದಲ್ಲಿ ಕೂತು ಚಹಾ ಕುಡಿಯುವ ಗೆಳೆಯ ಕಾಣುವುದು ಕಡಿಮೆ. ಮಾನಸಿಕ ಆರೋಗ್ಯದ ಸಂಸ್ಥೆ ಡಿಮ್ಹಾನ್ಸ್ ನಮ್ಮೂರಲ್ಲೇ ಇದೆ. ಮನೋವೈದ್ಯರೊಬ್ಬರಿಗೆ ಆ ನಾಲ್ಕು ಪುಟ ಓದಿಸದೆ ಮುಂದೆ ಹೋಗಬೇಡ. ಮಾನಸಿಕ ಕಾಯಿಲೆಯವನೇ ಕೊಲೆಗಾರ ಅನ್ನುವ ಸವೆದ ಹಾದಿ ನಿನಗೆ ಬೇಕಾಗಿಯೂ ಇಲ್ಲ, ಅವ್ವನ ಭಯವೊಂದೇ ಸಾಕಷ್ಟಿದೆ.

ಇನ್‌ಸ್ಪೆಕ್ಟರ್ ಕೊನೆಗೆ ಆರು ಪುಟ ವಿವರಣೆ ಕೊಡುತ್ತಾನೆ. 1960ರ 'ಸೈಕೋ'ದಲ್ಲೂ ಡಾಕ್ಟರನ ಇಂಥ ಭಾಷಣವಿದೆ, ಆ ಚಿತ್ರವನ್ನು ಮೆಚ್ಚಿದವರೇ ಅದಕ್ಕೆ ಮೂಗು ಮುರಿಯುತ್ತಾರೆ. ನೀನು ಒಂದೂವರೆ ಪುಟಕ್ಕೆ ಇಳಿಸು. ಬ್ಲೇಡು, ತಾಟು ಮತ್ತೆ ಕಂಡರೆ ಉಳಿದದ್ದನ್ನು ಜನ ತಾವೇ ಜೋಡಿಸಿಕೊಳ್ಳುತ್ತಾರೆ.

ಬೆನ್ನಟ್ಟುವ ದೃಶ್ಯವನ್ನು ಯಾವುದೋ ಊರಿನ ಗೋದಾಮಿನಲ್ಲಿ ಯಾಕೆ ಇಟ್ಟೆ? ಹುಬ್ಬಳ್ಳಿ ನಿಲ್ದಾಣದಲ್ಲಿ 1,507 ಮೀಟರಿನ ಪ್ಲಾಟ್‌ಫಾರ್ಮ್ ಇದೆ. ಸಾಧಾರಣ ನಡಿಗೆಗೆ ಈ ತುದಿಯಿಂದ ಆ ತುದಿಗೆ ಸುಮಾರು ಹದಿನೆಂಟು ನಿಮಿಷ. ಅಣ್ಣ ಒಂದು ತುದಿಯಲ್ಲಿ, ತಂಗಿ ಇನ್ನೊಂದು ತುದಿಯಲ್ಲಿ, ರೈಲು ಹೊರಡಲಿಕ್ಕೆ ಹತ್ತು ನಿಮಿಷ.

ಮೊದಲು ಆ ಮೂರು ಕಾಲಮ್ಮಿನ ಹಾಳೆ ಕಳಿಸು. ಗದಗಿನ ಎಂಟು ದಿನಕ್ಕೆ ಏನು ಉತ್ತರ ಬರೆದಿದ್ದೀಯ ಅಂತ ಅದರಲ್ಲೇ ನೋಡುತ್ತೇನೆ.

ಇಂತಿ,
ನಿನ್ನ ಹಿರಿಯ ಗೆಳೆಯ