ಎಲ್ಲಕ್ಕೂ ‘ಮೇಲ್ಮನವಿ’ ಎಂದರೆ ಓದುಗ ಯಾವ ಬಾಗಿಲಿಗೆ ಹೋಗಬೇಕು?

ಸಂಪಾದಕರಿಗೆ ನಮಸ್ಕಾರ.

ಕೋರ್ಟ್ ಸುದ್ದಿಗಳ ಕೊನೆಯ ಸಾಲು ಬಹುತೇಕ ಒಂದೇ: ‘ಆದೇಶದ ವಿರುದ್ಧ ಮೇಲ್ಮನವಿ ಸಲ್ಲಿಸುವುದಾಗಿ ತಿಳಿಸಿದ್ದಾರೆ.’ ಎಲ್ಲಿಗೆ, ಯಾವ ಬಗೆಯ ಅರ್ಜಿ, ಎಷ್ಟು ದಿನದೊಳಗೆ ಎಂಬುದು ಇರುವುದಿಲ್ಲ. ತಹಶೀಲ್ದಾರರ ಆದೇಶವಿರಲಿ, ಗ್ರಾಹಕ ಆಯೋಗದ್ದಿರಲಿ, ಜಾಮೀನು ನಿರಾಕರಣೆಯಿರಲಿ, ಎಲ್ಲಕ್ಕೂ ಅದೇ ಮೇಲ್ಮನವಿ. ಅಂಥದೇ ತಕರಾರು ಇರುವ ಓದುಗರು ಇದನ್ನು ನೆಚ್ಚಿ ಹೊರಡುವುದುಂಟು. ತಪ್ಪು ಕಚೇರಿಯಲ್ಲಿ ಒಂದೆರಡು ವರ್ಷ ವಾಯಿದೆ ತಿರುಗಿ, ಕೊನೆಗೆ ‘ಅರ್ಜಿ ಊರ್ಜಿತವಲ್ಲ’ ಎಂಬ ಆದೇಶ ಹಿಡಿದು ಹೊರಬರುವಷ್ಟರಲ್ಲಿ ಸರಿಯಾದ ಕಡೆಯ ಕಾಲಮಿತಿ ಮುಗಿದಿರುತ್ತದೆ.

ಹಳ್ಳಿಗಳಲ್ಲಿ ಅತಿ ಹೆಚ್ಚು ಕಾಣುವ ಖಾತೆ ಬದಲಾವಣೆ ತಕರಾರನ್ನೇ ನೋಡಿ. ಕರ್ನಾಟಕ ಭೂ ಕಂದಾಯ ಕಾಯ್ದೆ, 1964ರ ಕಲಂ 129ರಡಿ ಮ್ಯುಟೇಶನ್ (ಖಾತೆ ಬದಲಾವಣೆ) ಆದೇಶ ಆಗುತ್ತದೆ ಇಲ್ಲವೇ ನಮೂದು ಪ್ರಮಾಣೀಕೃತವಾಗುತ್ತದೆ. ಅದಕ್ಕೆ ಕಲಂ 136(2)ರಡಿ ಉಪವಿಭಾಗಾಧಿಕಾರಿ ಮುಂದೆ ಮೇಲ್ಮನವಿ. ಅವಧಿ 60 ದಿನ. ಆದೇಶ ತಿಳಿಸಿದ ದಿನದಿಂದ ಅಥವಾ ನಮೂದು ಗೊತ್ತಾದ ದಿನದಿಂದ ಎಣಿಕೆ. ಇಲ್ಲಿಯವರೆಗೆ ನಿಜಕ್ಕೂ ಮೇಲ್ಮನವಿಯೇ. ಆದರೆ ಉಪವಿಭಾಗಾಧಿಕಾರಿಯ ತೀರ್ಮಾನವೇ ಅಂತಿಮ ಎಂದು ಅದೇ ಉಪಕಲಂ ಹೇಳುತ್ತದೆ. ಆಮೇಲೆ ಜಿಲ್ಲಾಧಿಕಾರಿ ಬಳಿ ಹೋಗುವುದು ಕಲಂ 136(3)ರಡಿಯ ರಿವಿಜನ್, ಅಂದರೆ ಪುನರೀಕ್ಷಣೆ. ಅದು ಎರಡನೇ ಮೇಲ್ಮನವಿಯಲ್ಲ. ಅಲ್ಲಿಂದ ಮುಂದೆ ಹೈಕೋರ್ಟ್‌ನಲ್ಲಿ ರಿಟ್ ಅರ್ಜಿ. ಕೇಸಿನ ನಂಬರೇ ಈ ವ್ಯತ್ಯಾಸ ಹೇಳುತ್ತದೆ: ತಹಶೀಲ್ದಾರರಲ್ಲಿ ಆರ್‌ಆರ್‌ಟಿ (ಹಕ್ಕುದಾಖಲೆ ಪ್ರಕರಣ), ಉಪವಿಭಾಗಾಧಿಕಾರಿಯಲ್ಲಿ ಆರ್‌.ಎ. (ಮೇಲ್ಮನವಿ), ಜಿಲ್ಲಾಧಿಕಾರಿಯಲ್ಲಿ ಆರ್‌.ಪಿ. (ರಿವಿಜನ್ ಅರ್ಜಿ). ನಿಮ್ಮ ವರದಿಗಾರರು ಆದೇಶದ ಮೊದಲ ಪುಟ ನೋಡಿದರೆ ಸಾಕು.

ಎಡವಟ್ಟಾಗುವುದು ಇಲ್ಲಿ. ಅದೇ ಕಾಯ್ದೆಯ ಕಲಂ 49 ಮತ್ತು 50ರಲ್ಲಿ ಬೇರೊಂದು ಸಾಮಾನ್ಯ ಮೇಲ್ಮನವಿ ಏಣಿ ಇದೆ: ತಹಶೀಲ್ದಾರರಿಂದ ಉಪವಿಭಾಗಾಧಿಕಾರಿ, ಅವರಿಂದ ಜಿಲ್ಲಾಧಿಕಾರಿ, ಜಿಲ್ಲಾಧಿಕಾರಿಯಿಂದ ಕರ್ನಾಟಕ ಮೇಲ್ಮನವಿ ನ್ಯಾಯಾಧಿಕರಣ. ಪತ್ರಿಕೆಯಲ್ಲಿ ‘ಜಿಲ್ಲಾಧಿಕಾರಿ ಆದೇಶಕ್ಕೆ ನ್ಯಾಯಾಧಿಕರಣದಲ್ಲಿ ತಡೆ’ ಎಂಬ ಸುದ್ದಿ ಓದಿದವರು ತಮ್ಮ ಮ್ಯುಟೇಶನ್ ಕೇಸನ್ನೂ ಅಲ್ಲಿಗೇ ಒಯ್ಯುತ್ತಾರೆ. ಸುದ್ದಿಯಲ್ಲಿದ್ದದ್ದು ಕಲಂ 95ರ ಭೂ ಪರಿವರ್ತನೆಯ ಪ್ರಕರಣ ಇರಬಹುದು, ಅದರ ದಾರಿಯೇ ಬೇರೆ. ಅದಲ್ಲದೆ, ಜಮೀನಿನ ಮಾಲೀಕತ್ವದ ಪ್ರಶ್ನೆಯನ್ನು ಈ ಯಾವ ಕಂದಾಯ ಅಧಿಕಾರಿಯೂ ತೀರ್ಮಾನಿಸುವುದಿಲ್ಲ. ಕಲಂ 135ರ ಪರಂತುಕದಂತೆ (ಕಲಂಗೆ ಸೇರಿಸಿದ ಷರತ್ತಿನಂತೆ) ಹಕ್ಕು ಘೋಷಣೆಗೆ ಸಿವಿಲ್ ಕೋರ್ಟಿನಲ್ಲಿ ದಾವೆಯನ್ನೇ ಹೂಡಬೇಕು. ‘ಪಹಣಿ ಕೇಸು ಗೆದ್ದರು, ಜಮೀನು ಅವರದಾಯಿತು’ ಎಂಬ ಧಾಟಿಯ ಸುದ್ದಿ ಈ ಕಾರಣಕ್ಕೇ ಅಪಾಯಕಾರಿ.

ಉಪವಿಭಾಗಾಧಿಕಾರಿ ಕೋರ್ಟಿನಲ್ಲಿ ಮೇಲ್ಮನವಿಗಳು ಬೀಳುವುದು ಹೆಚ್ಚಾಗಿ ಎರಡು ಕಾರಣಕ್ಕೆ. 60 ದಿನ ದಾಟಿದ್ದರೂ ವಿಳಂಬ ಮನ್ನಾ ಅರ್ಜಿ ಮತ್ತು ಪ್ರಮಾಣಪತ್ರ (ಅಫಿಡವಿಟ್) ಇಲ್ಲದಿರುವುದು ಒಂದು. ನಮೂದಿನಲ್ಲಿ ಹೆಸರಿರುವ ಎಲ್ಲರನ್ನೂ ಎದುರುದಾರರನ್ನಾಗಿ ಮಾಡದಿರುವುದು, ತೀರಿಹೋದವರ ಹೆಸರಿನಲ್ಲೇ ನೋಟಿಸ್ ಕೇಳುವುದು ಇನ್ನೊಂದು. ‘ಈಚೆಗೆ ಗೊತ್ತಾಯಿತು’ ಎಂದು ಬರೆದರೆ ಸಾಲದು. ಮ್ಯುಟೇಶನ್ ನಕಲು ಯಾವತ್ತು ಕೈಗೆ ಬಂತು ಎಂಬ ದಿನಾಂಕ ಅರ್ಜಿಯಲ್ಲಿರಬೇಕು, ಆ ನಕಲೂ ಜೊತೆಗಿರಬೇಕು.

ಇನ್ನು ‘ಕೆಎಟಿ’. ನೌಕರನ ವರ್ಗಾವಣೆ, ಅಮಾನತು ಸುದ್ದಿಗಳಲ್ಲಿ ‘ಕೆಎಟಿಗೆ ಮೇಲ್ಮನವಿ’ ಎಂದು ಬರುತ್ತದೆ. ರಾಜ್ಯ ಸರ್ಕಾರಿ ನೌಕರರ ಸೇವಾ ವಿಷಯಗಳನ್ನು ನೋಡುವುದು ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿ, ಅಂದರೆ ಕೆಎಸ್‌ಎಟಿ. ಆಡಳಿತ ನ್ಯಾಯಮಂಡಳಿಗಳ ಕಾಯ್ದೆ, 1985ರಡಿ ಅದು ಹುಟ್ಟಿದ್ದು. ಕಂದಾಯ, ಸಹಕಾರ ಸಂಘಗಳ ವ್ಯಾಜ್ಯ, ಮೌಲ್ಯವರ್ಧಿತ ತೆರಿಗೆ ಮುಂತಾದವುಗಳ ಮೇಲ್ಮನವಿ ಕೇಳುವ ಕರ್ನಾಟಕ ಮೇಲ್ಮನವಿ ನ್ಯಾಯಾಧಿಕರಣ, ಅಂದರೆ ಕೆಎಟಿ, 1976ರ ಬೇರೆಯೇ ಕಾಯ್ದೆಯದು. ಎರಡಕ್ಕೂ ಸಂಬಂಧವಿಲ್ಲ. ಕೆಎಸ್‌ಎಟಿಗೆ ಹಾಕುವುದು ಮೇಲ್ಮನವಿಯೂ ಅಲ್ಲ, 1985ರ ಕಾಯ್ದೆಯ ಕಲಂ 19ರಡಿ ಮೂಲ ಅರ್ಜಿ. ಅದಕ್ಕೂ ಮೊದಲು ಇಲಾಖೆಯೊಳಗೆ ಮೇಲ್ಮನವಿಗೆ ಅವಕಾಶವಿದ್ದರೆ ಸಾಮಾನ್ಯವಾಗಿ ಅದನ್ನು ಮುಗಿಸಿರಬೇಕು. ಅಲ್ಲಿ ಆರು ತಿಂಗಳಾದರೂ ತೀರ್ಮಾನ ಬಾರದಿದ್ದರೆ ನ್ಯಾಯಮಂಡಳಿಗೆ ಬರಬಹುದು. ಅಂತಿಮ ಆದೇಶ ಬಂದಿದ್ದರೆ ಅಲ್ಲಿಂದ ಒಂದು ವರ್ಷದೊಳಗೆ ಬರಬೇಕು. ನ್ಯಾಯಮಂಡಳಿ ಆದೇಶದ ಮೇಲೆ ನೇರ ಸುಪ್ರೀಂ ಕೋರ್ಟ್‌ಗೆ ಹೋಗುವ ಪದ್ಧತಿ 1997ರ ಎಲ್. ಚಂದ್ರಕುಮಾರ್ ತೀರ್ಪಿನೊಂದಿಗೆ ನಿಂತಿತು. ಈಗ ಹೈಕೋರ್ಟ್‌ನ ವಿಭಾಗೀಯ ಪೀಠದ ಮುಂದೆ ರಿಟ್ ಅರ್ಜಿ.

ಸಿವಿಲ್ ದಾವೆಗಳಲ್ಲಿ ಗೊಂದಲ ಕಡಿಮೆ. ಮೊದಲ ಮೇಲ್ಮನವಿ ಹೈಕೋರ್ಟ್‌ಗಿಂತ ಕೆಳಗಿನ ಮೇಲ್ಮನವಿ ಕೋರ್ಟಿಗಾದರೆ 30 ದಿನ, ಹೈಕೋರ್ಟ್‌ಗಾದರೆ 90 ದಿನ. ಅಲ್ಲಿ ಸಾಕ್ಷ್ಯವನ್ನೆಲ್ಲ ಮತ್ತೆ ತೂಗಿ ನೋಡುತ್ತಾರೆ. ಆರ್‌.ಎಸ್‌.ಎ., ಅಂದರೆ ಎರಡನೇ ಮೇಲ್ಮನವಿಯಲ್ಲಿ ಹಾಗಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 100ರಂತೆ ಗಣನೀಯ ಕಾನೂನು ಪ್ರಶ್ನೆ ಇದ್ದರಷ್ಟೇ ಅದು ವಿಚಾರಣೆಗೆ ಅಂಗೀಕಾರವಾಗುತ್ತದೆ. ನಂಬರ್ ಬಿದ್ದ ಮಾತ್ರಕ್ಕೆ ‘ಹೈಕೋರ್ಟ್ ಅಂಗೀಕರಿಸಿದೆ’ ಎಂದು ಬರೆಯಬಾರದು. ತೀರ್ಪು ಕೊಟ್ಟ ಅದೇ ನ್ಯಾಯಾಲಯಕ್ಕೆ, ಎದ್ದು ಕಾಣುವ ತಪ್ಪು ತೋರಿಸಿ ಹಾಕುವ ಅರ್ಜಿ ರಿವ್ಯೂ. ಮೇಲಿನ ನ್ಯಾಯಾಲಯ ಕೆಳಗಿನವರ ಅಧಿಕಾರವ್ಯಾಪ್ತಿಯ ದೋಷ ನೋಡುವುದು ರಿವಿಜನ್. ಎರಡಕ್ಕೂ ನಿಮ್ಮ ಪುಟಗಳಲ್ಲಿ ‘ಮರುಪರಿಶೀಲನೆ’ ಎಂದೇ ಬರುತ್ತದೆ. ದಿನದ ಲೆಕ್ಕದಲ್ಲಿ ಇದು ದೊಡ್ಡ ವ್ಯತ್ಯಾಸ: ಸಿವಿಲ್ ಕೋರ್ಟ್‌ಗಳಲ್ಲಿ ರಿವ್ಯೂಗೆ 30 ದಿನ, ರಿವಿಜನ್‌ಗೆ 90.

ಹೆದ್ದಾರಿ ಅಗಲೀಕರಣಕ್ಕೆ ಜಮೀನು ಕೊಟ್ಟವರ ವಿಷಯದಲ್ಲಿ ಮಾತ್ರ ನಿಮ್ಮ ವರದಿಗಳ ಬಗ್ಗೆ ತಕರಾರು ಜೋರಾಗಿಯೇ ಇದೆ. ‘ಪರಿಹಾರ ಸಾಲದೆಂದು ರೈತರು ಜಿಲ್ಲಾಧಿಕಾರಿಗೆ ಮೇಲ್ಮನವಿ’ ಎಂದು ಬರೆಯುತ್ತೀರಿ. ರಾಷ್ಟ್ರೀಯ ಹೆದ್ದಾರಿ ಕಾಯ್ದೆ, 1956ರ ಕಲಂ 3ಜಿ(5)ರಡಿ ಅಲ್ಲಿ ಕೂರುವವರು ಕೇಂದ್ರ ಸರ್ಕಾರ ನೇಮಿಸಿದ ಮಧ್ಯಸ್ಥಗಾರ. ಆ ಕುರ್ಚಿಯಲ್ಲಿ ಸಾಮಾನ್ಯವಾಗಿ ಜಿಲ್ಲಾಧಿಕಾರಿಯೇ ಇರುವುದರಿಂದ ಇದು ಮೇಲ್ಮನವಿಯಂತೆ ಕಾಣುತ್ತದೆ, ಅಷ್ಟೆ. ಮಧ್ಯಸ್ಥಗಾರರ ಐತೀರ್ಪನ್ನು ಪ್ರಶ್ನಿಸುವುದು 1996ರ ಮಧ್ಯಸ್ಥಿಕೆ ಕಾಯ್ದೆಯ ಕಲಂ 34ರಡಿ, ಜಿಲ್ಲಾ ನ್ಯಾಯಾಲಯದಲ್ಲಿ. ಐತೀರ್ಪಿನ ಪ್ರತಿ ಕೈಸೇರಿದ ದಿನದಿಂದ ಮೂರು ತಿಂಗಳು. ಸಕಾರಣವಿದ್ದರೆ ಇನ್ನೂ 30 ದಿನ. ಅದಾದ ಮೇಲೆ ಒಂದು ದಿನ ತಡವಾದರೂ ಮನ್ನಿಸುವ ಅಧಿಕಾರ ನ್ಯಾಯಾಧೀಶರಿಗಿಲ್ಲ. ಬೇರೆ ಮೇಲ್ಮನವಿಗಳಂತೆ ವರ್ಷದ ವಿಳಂಬವನ್ನೂ ಕ್ಷಮಿಸಿಯಾರು ಎಂದು ನಂಬಿ ಕುಳಿತವರ ಅರ್ಜಿ ಇಲ್ಲೇ ಮುಗಿಯುತ್ತದೆ. ಆಧಾರಗಳೂ ಸೀಮಿತ. ಪಕ್ಕದ ಜಮೀನಿಗೆ ಎಕರೆಗೆ ಹೆಚ್ಚು ಸಿಕ್ಕಿತು ಎಂಬ ಸಾಕ್ಷ್ಯವನ್ನು ಮಧ್ಯಸ್ಥಗಾರರ ಮುಂದೆಯೇ ಹಾಜರುಪಡಿಸಿರಬೇಕು. ಅಲ್ಲಿ ಸುಮ್ಮನಿದ್ದು ಕೋರ್ಟಿನಲ್ಲಿ ತೋರಿಸುತ್ತೇನೆಂದರೆ ಸಾಧ್ಯವಾಗದು.

ಹಣ ಠೇವಣಿಯ ಷರತ್ತನ್ನೂ ವರದಿಗಳು ಬಿಟ್ಟುಬಿಡುತ್ತವೆ. ಜಿಲ್ಲಾ ಗ್ರಾಹಕ ಆಯೋಗದ (‘ಗ್ರಾಹಕ ನ್ಯಾಯಾಲಯ’ ಎಂದು ನೀವು ಈಗಲೂ ಬರೆಯುತ್ತೀರಿ, ಇರಲಿ) ಆದೇಶಕ್ಕೆ ರಾಜ್ಯ ಆಯೋಗದಲ್ಲಿ ಮೇಲ್ಮನವಿ. 2019ರ ಕಾಯ್ದೆಯಂತೆ ಅವಧಿ 45 ದಿನ. ಹಣ ಕೊಡಬೇಕಾದವರು ಮೇಲ್ಮನವಿ ಹಾಕುವುದಾದರೆ ಅದರ ಶೇ 50ರಷ್ಟನ್ನು ಮೊದಲು ಕಟ್ಟಬೇಕು. ಹಳೆಯ 1986ರ ಕಾಯ್ದೆಯಲ್ಲಿ ಇದ್ದ 30 ದಿನ ಮತ್ತು 25,000 ರೂಪಾಯಿ ಮಿತಿ ಈಗಿಲ್ಲ, ಆದರೆ ವರದಿಗಳಲ್ಲಿ ಇನ್ನೂ ಉಳಿದಿದೆ. ಮೋಟಾರು ಅಪಘಾತ ಪರಿಹಾರದಲ್ಲಿ ಮೋಟಾರು ವಾಹನ ಕಾಯ್ದೆಯ ಕಲಂ 173ರಂತೆ ಹೈಕೋರ್ಟ್‌ಗೆ 90 ದಿನ. ಹಣ ಕೊಡಬೇಕಾದವರು 25,000 ರೂಪಾಯಿ ಅಥವಾ ಪರಿಹಾರದ ಅರ್ಧ, ಯಾವುದು ಕಡಿಮೆಯೋ ಅದನ್ನು ಕಟ್ಟಬೇಕು. ವಿವಾದದ ಮೊತ್ತ ಒಂದು ಲಕ್ಷಕ್ಕಿಂತ ಕಡಿಮೆಯಿದ್ದರೆ ಮೇಲ್ಮನವಿಯೇ ಇಲ್ಲ. 2019ರ ತಿದ್ದುಪಡಿಗೆ ಮೊದಲು ಈ ಮಿತಿ 10,000 ಇತ್ತು. ಚೆಕ್ ಬೌನ್ಸ್ ಪ್ರಕರಣದಲ್ಲಿ ಶಿಕ್ಷೆಯಾದವರು ಸೆಷನ್ಸ್ ಕೋರ್ಟ್‌ಗೆ ಹೋದರೆ ದಂಡ ಅಥವಾ ಪರಿಹಾರದ ಕನಿಷ್ಠ ಶೇ 20 ಕಟ್ಟುವಂತೆ ಆ ಕೋರ್ಟ್ ಆದೇಶಿಸಬಹುದು.

ಮೇಲ್ಮನವಿ ಹಾಕಿದ ಮಾತ್ರಕ್ಕೆ ಕೆಳಗಿನ ಆದೇಶ ನಿಲ್ಲುವುದಿಲ್ಲ. ಸಿವಿಲ್ ಸಂಹಿತೆಯ ಆದೇಶ 41, ನಿಯಮ 5 ಇದನ್ನು ನೇರವಾಗಿಯೇ ಹೇಳುತ್ತದೆ. ತಡೆಯಾಜ್ಞೆಗೆ ಪ್ರತ್ಯೇಕ ಮಧ್ಯಂತರ ಅರ್ಜಿ ಬೇಕು, ಅದರ ಮೇಲೆ ಆದೇಶವೂ ಆಗಬೇಕು. ‘ಮೇಲ್ಮನವಿ ಇರುವುದರಿಂದ ಪ್ರಕರಣ ಬಾಕಿ ಇದೆ’ ಎಂಬ ವರದಿಯ ಸಾಲು ನಂಬಿ ಸುಮ್ಮನಿದ್ದವರ ಮನೆಗೆ ಆದೇಶ ಜಾರಿ ಮಾಡುವ ಕೋರ್ಟಿನ ಅಮೀನರು ಬಂದು ನಿಲ್ಲುವುದು ಹೀಗೆ.

ಜಾಮೀನು ಸುದ್ದಿ. ಸೆಷನ್ಸ್ ಕೋರ್ಟ್ ಜಾಮೀನು ನಿರಾಕರಿಸಿದರೆ ಹೈಕೋರ್ಟ್‌ಗೆ ಹೋಗುವುದು ಹೊಸ ಜಾಮೀನು ಅರ್ಜಿಯೊಂದಿಗೆ, ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 483ರಡಿ. ಅದು ಮೇಲ್ಮನವಿಯಲ್ಲ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಯ ಪ್ರಕರಣಗಳಲ್ಲಾದರೆ ಕಲಂ 14ಎ ಪ್ರಕಾರ ಅದು ಮೇಲ್ಮನವಿ, 90 ದಿನದೊಳಗೆ. ಅಲ್ಲಿ ಸರಿಯಾದ ಪದವನ್ನು ನೀವು ಬಳಸುತ್ತೀರಿ, ಬೇರೆ ಕಡೆ ಅದನ್ನೇ ಹರಡುತ್ತೀರಿ.

ಮಾಹಿತಿ ಹಕ್ಕಿನಲ್ಲೂ ಇಂಥದೇ ಒಂದು ಗುಂಡಿ ಇದೆ. ಮೊದಲ ಮೇಲ್ಮನವಿ ಅದೇ ಇಲಾಖೆಯ ಮೇಲಧಿಕಾರಿಗೆ, 30 ದಿನದೊಳಗೆ. ಎರಡನೆಯದು ಮಾಹಿತಿ ಆಯೋಗಕ್ಕೆ, ಕಲಂ 19(3)ರಡಿ, 90 ದಿನದೊಳಗೆ. ಇದರ ಬದಲು ಕಲಂ 18ರ ದೂರು ಹಾಕಿದರೆ ಆಯೋಗ ಅಧಿಕಾರಿಗೆ ದಂಡ ಹಾಕಬಹುದೇ ಹೊರತು ಮಾಹಿತಿ ಕೊಡಿ ಎಂದು ಆದೇಶಿಸಲಾಗದು. ಮಣಿಪುರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2011ರಲ್ಲೇ ಇದನ್ನು ಸ್ಪಷ್ಟಪಡಿಸಿದೆ. ‘ಆಯೋಗಕ್ಕೆ ದೂರು’ ಮತ್ತು ‘ಆಯೋಗಕ್ಕೆ ಮೇಲ್ಮನವಿ’ ಎಂಬುದನ್ನು ಒಂದೇ ವರದಿಯಲ್ಲಿ ಅದಲುಬದಲು ಮಾಡಿದರೆ ಓದುಗ ಕಾಗದಪತ್ರ ಸಿಗದ ದಾರಿ ಹಿಡಿಯುತ್ತಾನೆ.

ಸುಪ್ರೀಂ ಕೋರ್ಟ್ ಶೀರ್ಷಿಕೆಗಳ ಬಗ್ಗೆ ಒಂದು ಮಾತು. ಹೈಕೋರ್ಟ್ ತೀರ್ಪಿನ ವಿರುದ್ಧ ಸಂವಿಧಾನದ 136ನೇ ವಿಧಿಯಡಿ ಹಾಕುವುದು ವಿಶೇಷ ಅನುಮತಿ ಅರ್ಜಿ, ಎಸ್‌ಎಲ್‌ಪಿ. ಮೇಲ್ಮನವಿ ಸಲ್ಲಿಸಲು ಅನುಮತಿ ಕೊಡಿ ಎಂಬ ಕೋರಿಕೆ ಅದು. ಅನುಮತಿ ಸಿಕ್ಕರೆ ಮಾತ್ರ ಮೇಲ್ಮನವಿ ಹುಟ್ಟುತ್ತದೆ. ಮೊದಲ ಹಂತದಲ್ಲೇ ವಜಾ ಆದರೆ ಸುಪ್ರೀಂ ಕೋರ್ಟ್ ಅನುಮತಿ ಕೊಡಲಿಲ್ಲ ಎಂದಷ್ಟೇ ಅರ್ಥ. ‘ಹೈಕೋರ್ಟ್ ತೀರ್ಪು ಎತ್ತಿಹಿಡಿದ ಸುಪ್ರೀಂ’ ಎಂದು ದಪ್ಪಕ್ಷರದಲ್ಲಿ ಹಾಕುವುದು ತಪ್ಪು. ಕುಂಞಹಮ್ಮದ್ ಪ್ರಕರಣದಲ್ಲಿ 2000ದಲ್ಲಿ ಹೇಳಿದ ಈ ನಿಯಮವನ್ನು 2019ರಲ್ಲಿ ಮತ್ತೆ ದೃಢಪಡಿಸಿದ್ದು ನಮ್ಮದೇ ರಾಜ್ಯದ ಪ್ರಕರಣದಲ್ಲಿ, ಖೋಡೆ ಡಿಸ್ಟಿಲರೀಸ್ ಮತ್ತು ಕೊಳ್ಳೇಗಾಲದ ಶ್ರೀ ಮಹದೇಶ್ವರ ಸಹಕಾರ ಸಕ್ಕರೆ ಕಾರ್ಖಾನೆ ನಡುವಿನ ವ್ಯಾಜ್ಯದಲ್ಲಿ. ಎಸ್‌ಎಲ್‌ಪಿ ಹೀಗೆ ವಜಾ ಆದ ಮೇಲೂ ಹೈಕೋರ್ಟ್‌ನಲ್ಲಿ ರಿವ್ಯೂ ಅರ್ಜಿಗೆ ಜಾಗವಿದೆ ಎಂಬುದು ಅದರ ಪರಿಣಾಮ. ‘ಎತ್ತಿಹಿಡಿದ’ ಎಂದು ಓದಿದ ಕಕ್ಷಿದಾರ ಎಲ್ಲ ಮುಗಿಯಿತೆಂದು ಕಡತ ಕಟ್ಟಿಡುತ್ತಾನೆ.

ಧಾರವಾಡ, ಕಲಬುರಗಿಗಳಲ್ಲಿರುವುದು ಒಂದೇ ಹೈಕೋರ್ಟ್‌ನ ಪೀಠಗಳು. 2008ರಲ್ಲಿ ಸಂಚಾರಿ ಪೀಠಗಳಾಗಿ ಬಂದು 2013ರಲ್ಲಿ ಕಾಯಂ ಆದವು. ಅಲ್ಲಿಂದ ಬೆಂಗಳೂರಿಗೆ ಮೇಲ್ಮನವಿ ಎಂಬುದಿಲ್ಲ. ಧಾರವಾಡದ ಕೇಸ್ ನಂಬರ್ 1 ಲಕ್ಷದ ಮೇಲಿನದು, ಕಲಬುರಗಿಯದು 2 ಲಕ್ಷದ ಮೇಲಿನದು. ಆರು ಅಂಕಿಯ ನಂಬರಿನ ಮೊದಲ ಅಂಕಿ ನೋಡಿದರೆ ಯಾವ ಪೀಠವೆಂದು ತಿಳಿಯುತ್ತದೆ. ವರದಿಯಲ್ಲಿ ಕೇಸ್ ನಂಬರ್ ಹಾಕಿ ಎಂದು ಕೇಳುವುದಕ್ಕೆ ಇದೂ ಒಂದು ಕಾರಣ.

ನಮ್ಮ ಕೋರಿಕೆ ಇಷ್ಟು: ಆದೇಶ ಕೊಟ್ಟ ಕಚೇರಿ ಅಥವಾ ಕೋರ್ಟ್, ಕೇಸ್ ನಂಬರ್, ಆದೇಶದ ದಿನಾಂಕ, ಮುಂದಿನ ಅರ್ಜಿಯ ಬಗೆ ಮತ್ತು ಅವಧಿ. ಎರಡು ಸಾಲು ಸಾಕು. ‘ಜಿಲ್ಲಾ ಗ್ರಾಹಕ ಆಯೋಗದ ಇಂಥ ದಿನದ ಆದೇಶ, 45 ದಿನದೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿಗೆ ಅವಕಾಶವಿದೆ’ ಎಂಬಂತೆ. ಮುಂದಿನ ದಾರಿ ಖಚಿತವಿಲ್ಲದಿದ್ದರೆ ಆ ಭಾಗ ಬಿಡಿ, ‘ಮೇಲ್ಮನವಿ’ ಎಂದು ತುಂಬಿಸಬೇಡಿ. ದಿನಾಂಕ ಮಾತ್ರ ಬಿಡಬೇಡಿ. ಸುದ್ದಿ ಅಚ್ಚಾಗುವುದು ಆದೇಶವಾದ ವಾರ, ಹದಿನೈದು ದಿನದ ಮೇಲೆ. ಓದುಗರು ಪತ್ರಿಕೆಯ ದಿನದಿಂದ ಎಣಿಸುತ್ತಾರೆ.

ನಕಲಿನ ಲೆಕ್ಕವೂ ಇದಕ್ಕೇ ಅಂಟಿಕೊಂಡಿದೆ. ದೃಢೀಕೃತ ನಕಲಿಗೆ ಅರ್ಜಿ ಹಾಕಿದ ದಿನದಿಂದ ಅದು ಸಿದ್ಧವಾಗುವವರೆಗಿನ ಸಮಯವನ್ನು ಕಾಲಮಿತಿ ಕಾಯ್ದೆಯ ಕಲಂ 12 ಕಳೆಯುತ್ತದೆ. ಅರ್ಜಿ ಹಾಕುವ ಮೊದಲು ಸುಮ್ಮನೆ ಕಳೆದ ದಿನಗಳಿಗೆ ರಿಯಾಯಿತಿ ಇಲ್ಲ. ಅವಧಿ ಮುಗಿದ ಮೇಲೆ ನಕಲು ಕೇಳಿದರೆ ಕಳೆಯಲು ಏನೂ ಉಳಿದಿರುವುದಿಲ್ಲ. ಇ-ಕೋರ್ಟ್ಸ್ ಜಾಲತಾಣದಿಂದ ಇಳಿಸಿಕೊಂಡ ಪ್ರತಿ ಓದಲು ಸರಿ, ಆದರೆ ಅದರಲ್ಲಿ ಅರ್ಜಿ ಕೊಟ್ಟ ದಿನ, ಸಿದ್ಧವಾದ ದಿನ, ಕೊಟ್ಟ ದಿನಗಳ ಮುದ್ರೆ ಇರುವುದಿಲ್ಲ. ಮೇಲ್ಮನವಿ ಕೋರ್ಟಿನ ಗುಮಾಸ್ತರು ಕಾಲಮಿತಿ ಲೆಕ್ಕ ಹಾಕುವುದು ಆ ಮುದ್ರೆ ನೋಡಿಯೇ.

– ಕಂದಾಯ ಮತ್ತು ಸಿವಿಲ್ ಪ್ರಕರಣಗಳ ವಕೀಲರು, ಹಾವೇರಿ